ಬಾಗಿಲಿಗೆ ಬಂದ ಎರಡು ಲಾರಿಗಳು

ಒಂದು ಲಾರಿ ಬರಬೇಕಾಗಿದ್ದ ಬಾಗಿಲಿಗೆ ಎರಡು ಲಾರಿಗಳು ಬಂದು ನಿಂತವು!

ಮೊದಲು ಬಂದದ್ದು ಸಮುದ್ರದಂಡೆಯ ಭೀಮಿಲಿಯ ಲಾರಿ. ಕೊತ್ತಗೂಡೆಂನ ಗಣಿ ಕ್ವಾರ್ಟರ್ಸಿನ ಇಕ್ಕಟ್ಟು ಬೀದಿಯಲ್ಲಿ ಹಿಂದೆ ಹಿಂದೆ ಸರಿದು ಬಂದು ಗಣಿ ನೌಕರಿಯಿಂದ ಆಗಷ್ಟೇ ನಿವೃತ್ತನಾದ ಸಿಂಹಾದ್ರಿನಾಯ್ಡುವಿನ ಮನೆಯೆದುರು ನಿಂತಿತು. ಅದರಿಂದ ಗೌರಿನಾಯ್ಡು ಕೆಳಗೆ ಹಾರಿದ. "ಅತ್ತೇ, ತಯಾರಾದೆಯಾ? ಸಮುದ್ರ ನಿನ್ನನ್ನ ಕೇಳ್ತಾ ಇದೆ!" ಎಂದು ಕೂಗಿದ. ಬೆಳಕು ಹರಿಯುವ ಮೊದಲೇ ಮಿಂದು, ಮಡಿಕೆ ಮುರಿಯದ ಸೀರೆಯುಟ್ಟು ಜಗುಲಿಯ ಕುರ್ಚಿಯಲ್ಲಿ ಕೂತಿದ್ದ ಸಿಂಹಾದ್ರಿಯ ತಾಯಿ ಅಪ್ಪಲನರಸಮ್ಮನ ಸುಕ್ಕು ಮುಖ ಅರಳಿಹೋಯಿತು. ಅಣ್ಣನ ಮಗ ಬಂದ! ತವರಿನ ಲಾರಿ ಬಂತು! "ಕೇಳದೆ ಏನು ಮಾಡೀತೋ? ನನ್ನಂಥ ಬಾಯಿ ಆ ಊರಲ್ಲಿ ಇನ್ನೊಂದು ಹುಟ್ಟಿಲ್ಲವಲ್ಲ!" ಎಂದು ನಕ್ಕಳು ಮುದುಕಿ.

ಒಳಗೆ ಉಪ್ಪಿನಕಾಯಿ ಜಾಡಿಯ ಬಾಯಿಗೆ ಬಟ್ಟೆ ಕಟ್ಟುತ್ತಿದ್ದ ಸೊಸೆ ಕನಕಮ್ಮ ಲಾರಿಯ ಸದ್ದು ಕೇಳಿ ಕೈ ಒರೆಸಿಕೊಳ್ಳುತ್ತ ಓಡಿ ಬಂದಳು. ಅವಳ ಮುಖದಲ್ಲೂ ಅದೇ ಬೆಳಕು. ಆದರೆ ಲಾರಿಯ ಪಕ್ಕದಲ್ಲಿ ನಿಂತವನನ್ನು ಕಂಡು ಹೊಸ್ತಿಲಲ್ಲೇ ತಡೆದಳು. ಗೌರಿನಾಯ್ಡು ಇಲ್ಲೇಕೆ? ಹೈದರಾಬಾದಿಗೆ ಹೋಗುವ ಸಾಮಾನಿಗೆ ಭೀಮಿಲಿಯ ಲಾರಿಯೇಕೆ?

ಅವಳು ಬಾಯಿ ತೆರೆಯುವಷ್ಟರಲ್ಲಿ ತಿರುವಿನಲ್ಲಿ ಎರಡನೆಯ ಲಾರಿ ಕಾಣಿಸಿತು. ಮೊದಲನೆಯದರ ಹಿಂದೆ ಅದು ನಿಂತಿತು. ಮುಂದಿನ ಬಾಗಿಲು ತೆರೆಯಿತು. ಒಂದು ಕೈಯಿಂದ ಕಂಬಿಯನ್ನೂ ಇನ್ನೊಂದು ಕೈಯಿಂದ ಹೊಟ್ಟೆಯನ್ನೂ ಹಿಡಿದುಕೊಂಡು ಹೆಂಗಸೊಬ್ಬಳು ಮೆಲ್ಲಗೆ ಇಳಿದಳು.

ಹೈಮ...! ಒಂಬತ್ತು ವರ್ಷಗಳಿಂದ ಆ ಮನೆಯಲ್ಲಿ ಯಾರೂ ಗಟ್ಟಿಯಾಗಿ ಉಚ್ಚರಿಸದ ಹೆಸರು!

ಅವಳು ಸಿಂಹಾದ್ರಿ ಮತ್ತು ಕನಕಮ್ಮನ ಒಬ್ಬಳೇ ಮಗಳು. ಪಾದ್ರಿಯ ಮಗ ಪ್ರಸನ್ನಕುಮಾರನನ್ನು ಮೆಚ್ಚಿ ಮದುವೆಯಾಗಿ, ಆಶೀರ್ವಾದ ಬೇಡಲು ಇದೇ ಜಗುಲಿಗೆ ಬಂದಿದ್ದಳು. ಆಗ ಅಜ್ಜಿ ಬಾಗಿಲು ಹಾಕಿ ಅಗಳಿ ಜಡಿದಿದ್ದಳು. ಹಿತ್ತಿಲಿಗೆ ಹೋಗಿ ತಲೆಯ ಮೇಲೆ ಕೊಡ ನೀರು ಸುರಿದುಕೊಂಡು, "ಆ ಹುಡುಗಿ ನಮ್ಮ ಪಾಲಿಗೆ ಸತ್ತಳು" ಎಂದಿದ್ದಳು. ಬಾಗಿಲಾಚೆ ಮಗಳ ಅಳು, ಈಚೆ ತಾಯಿಯ ಅಳು. ನಡುವೆ ಕೈ ಕಟ್ಟಿ ನಿಂತಿದ್ದ ಸಿಂಹಾದ್ರಿ ಅಗಳಿ ಮುಟ್ಟಲಿಲ್ಲ. ಮಗಳು ಹೋದ ಮೇಲೆ ಹೆಂಡತಿಯ ಬಳಿ ಕೂತು ಪಿಸುಗುಟ್ಟಿದ್ದ: "ಸ್ವಲ್ಪ ತಾಳು ಕನಕಾ. ನನ್ನ ನೌಕರಿ ಮುಗೀಲಿ. ಆ ದಿನವೇ ಹೈದರಾಬಾದಿಗೆ ಹೋಗಿಬಿಡೋಣ. ಅವಳ ಮನೆ ಪಕ್ಕದಲ್ಲೇ ಇರೋಣ. ಆಣೆಗೂ!" ಆ ಒಂದು ಮಾತನ್ನು ನಂಬಿ ಕನಕಮ್ಮ ಅತ್ತೆಯ ಬಾಯಿಯನ್ನು ಸಹಿಸಿದಳು. ಬೀದಿಯ ನಲ್ಲಿಯ ಹತ್ತಿರ ನಿಂತು ಕದ್ದು ಫೋನಿನಲ್ಲಿ ಮಾತಾಡಿ ಮಗಳ ದನಿಯನ್ನಷ್ಟೇ ಕೇಳಿ ಬದುಕಿದಳು.

ಆದರೆ ಅದಕ್ಕಿಂತ ಹಳೆಯ ಮಾತು ಇನ್ನೊಂದಿತ್ತು. ಅಪ್ಪ ತೀರಿಕೊಂಡಾಗ, ಸಮುದ್ರ ಬಿಟ್ಟು ಬರಲಾರೆ ಎಂದು ಹಟ ಹಿಡಿದ ತಾಯಿಗೆ ಸಿಂಹಾದ್ರಿಯೇ ಹೇಳಿದ್ದ: "ಗಣಿಯಿಂದ ನಾನು ಕಡೇ ಸಲ ಮೇಲೆ ಬಂದ ದಿನ ನಿನ್ನನ್ನ ಭೀಮಿಲಿಗೆ ವಾಪಸ್ ಕರ್ಕೊಂಡು ಹೋಗ್ತೀನಮ್ಮಾ." ಆ ಮಾತಿನ ಮೇಲೆ ಮುದುಕಿ ಕಲ್ಲಿದ್ದಲ ಧೂಳಿನ ಊರಿನಲ್ಲಿ ಅರ್ಧ ಆಯುಸ್ಸು ಕಳೆದಳು.

ಇಬ್ಬರಿಗೂ ಅವನು ಒಂದೇ ಎಚ್ಚರಿಕೆ ಹೇಳಿದ್ದ: "ಅವಳಿಗೆ ಈಗಲೇ ಹೇಳಬೇಡ, ರಂಪ ಆಗುತ್ತೆ. ನಾನೇ ಕಡೇ ದಿನ ಹೇಳ್ತೀನಿ." ಹಾಗಾಗಿ ಹೋದ ಒಂದು ತಿಂಗಳು ಆ ಮನೆಯಲ್ಲಿ ಎಂದೂ ಇಲ್ಲದ ಶಾಂತಿ! ಪಾಪ, ಅತ್ತೆಗೆ ಸಮುದ್ರ ತಪ್ಪಿಹೋಗುತ್ತದಲ್ಲ ಎಂದು ಸೊಸೆ ದಿನಕ್ಕೊಂದು ಅವಳಿಗಿಷ್ಟದ ಅಡಿಗೆ ಮಾಡಿದಳು. ಪಾಪ, ಈ ಹುಡುಗಿಗೆ ಹೈದರಾಬಾದ್ ತಪ್ಪಿತಲ್ಲ ಎಂದು ಅತ್ತೆ ಸೊಸೆಯ ನೋಯುವ ಮೊಣಕಾಲಿಗೆ ತಾನೇ ಎಣ್ಣೆ ತಿಕ್ಕಿದಳು. ಇಬ್ಬರೂ ಎದುರುಬದುರು ಕೂತು ಪಾತ್ರೆಗಳನ್ನು ಗೋಣಿಯಲ್ಲಿ ಸುತ್ತಿದರು. ಒಂದೇ ಗಂಟು, ಎರಡು ಊರು...!

ಹಿತ್ತಿಲಿನಿಂದ ಹಗ್ಗದ ಸುರುಳಿ ಹಿಡಿದು ಬಂದ ಸಿಂಹಾದ್ರಿ ಈ ದೃಶ್ಯ ಕಂಡು ಅಲ್ಲೇ ಮರಗಟ್ಟಿದ.

"ಏನೋ ಇದು?" ಎಂದಳು ತಾಯಿ.

"ಏನ್ರೀ ಇದು?" ಎಂದಳು ಹೆಂಡತಿ.

"ಅದು... ಬೆಳಿಗ್ಗೆನೇ ಹೇಳೋಣ ಅಂತಿದ್ದೆ..."

"ಯಾರಿಗೆ? ಏನು ಹೇಳೋಣ ಅಂತ?" ಎಂದಳು ಕನಕಮ್ಮ. ಅವಳು ಅತ್ತೆಯತ್ತ ತಿರುಗಿದಳು. "ಅತ್ತೇ... ನಿಮಗೂ ಮಾತು ಕೊಟ್ಟಿದ್ರಾ?"

"ನಿನಗೂ ಕೊಟ್ಟಿದ್ದನೇನೇ...?"

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಇಬ್ಬರ ಕಣ್ಣಲ್ಲೂ ಬೆಂಕಿಯಿರಲಿಲ್ಲ, ಬರೀ ದಿಗ್ಭ್ರಮೆ. ಗೋಡೆಯಾಚೆಯಿಂದ ಪಕ್ಕದ ಮನೆಯವರು ಇಣುಕತೊಡಗಿದರು.

ಹೈಮ ಗೇಟಿನ ಹೊರಗೇ ನಿಂತಿದ್ದಳು. "ಅಪ್ಪಾ... ಹೋದ ವಾರ ನೀನೇ ಫೋನಲ್ಲಿ ಹೇಳಿದೆಯಲ್ಲ, ಅಜ್ಜಿ ಮನಸ್ಸು ಕರಗಿದೆ, ನೀನು ಬಾ ಅಂತ? ಅದನ್ನ ನಂಬಿಯೇ ಅಲ್ವೇನಪ್ಪಾ ನಾನು ಬಂದದ್ದು!"

ಅದೂ ಸುಳ್ಳು! ಕನಕಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಮೂವತ್ತೈದು ವರ್ಷ ಪಕ್ಕದಲ್ಲಿ ಮಲಗಿದ ಮನುಷ್ಯ! ಯಾರ ಮೇಲೂ ಕೈಯೆತ್ತದವನು, ಯಾರಿಗೂ ಎದುರಾಡದವನು, ಊರೆಲ್ಲ ಸಾಧು ಎನ್ನುವವನು... ಇವನನ್ನು ತಾನು ನೋಡಿಯೇ ಇಲ್ಲವೆನಿಸಿತು ಅವಳಿಗೆ.

"ಇಬ್ಬರಿಗೂ ಹೂಂ ಹೂಂ ಅನ್ನುತ್ತ ಬಂದಿರಲ್ಲ," ಎಂದಳು ಮೆಲ್ಲಗೆ. "ಈ ದಿನ ಬಂದೇ ಬರುತ್ತೆ ಅಂತ ಗೊತ್ತಿರಲಿಲ್ವಾ? ಬಂದಾಗ ಏನು ಮಾಡೋಣ ಅಂತಿದ್ರಿ?"

"ನಾನು... ಅಷ್ಟರೊಳಗೆ..." ಎಂದ ಸಿಂಹಾದ್ರಿ. ಅವನ ಕಣ್ಣು, ಅವನು ತಡೆಯುವ ಮೊದಲೇ, ತಾಯಿಯ ಮುಖದ ಮೇಲೆ ಹೋಗಿ ನೆಲಕ್ಕೆ ಬಿತ್ತು.

ಮುದುಕಿ ಅದನ್ನು ನೋಡಿಬಿಟ್ಟಳು.

"ಅಷ್ಟರೊಳಗೆ ನಾನು ಹೋಗಿಬಿಟ್ಟಿರ್ತೀನಿ ಅಂತ..." ಎಂದಳು ಅಪ್ಪಲನರಸಮ್ಮ.

"ಅಮ್ಮಾ! ಹಾಗಲ್ಲಮ್ಮಾ!" ಹಗ್ಗ ಬಿಸಾಡಿ ಅವಳ ಕಾಲಿಗೆ ಬಿದ್ದ ಸಿಂಹಾದ್ರಿ.

"ಹಾಗಲ್ಲದಿದ್ರೆ ನನ್ನ ತಲೆ ಮೇಲೆ ಕೈಯಿಟ್ಟು ಹೇಳೋ. ಇಡು ಕೈ."

ಅವನ ಕೈ ಅರ್ಧಕ್ಕೆ ಎದ್ದಿತು. ಮುಂದಕ್ಕೆ ಹೋಗಲಿಲ್ಲ. ಅಯ್ಯೋ... ಆ ಅರ್ಧಕ್ಕೆ ನಿಂತ ಕೈಯನ್ನು ಬೀದಿಯೆಲ್ಲ ನೋಡಿತು! ಮಾತಿನಲ್ಲಿ ಇಡೀ ಕ್ವಾರ್ಟರ್ಸನ್ನೇ ನಡುಗಿಸುತ್ತಿದ್ದ ಮುದುಕಿ ಕೂಗಾಡಲಿಲ್ಲ, ಶಾಪ ಹಾಕಲಿಲ್ಲ. ಪ್ರತಿವರ್ಷ ಜ್ವರ ಬಂದಾಗ ಮಗ ಬಾಗಿಲಲ್ಲಿ ನಿಂತು ತನ್ನನ್ನು ನೋಡುತ್ತಿದ್ದ ನೋಟ ಅವಳಿಗೆ ನೆನಪಾಯಿತೋ ಏನೋ... ಸೊಸೆಯತ್ತ ತಿರುಗಿ ಕೇಳಿದಳು: "ನೀನೂ ಕಾಯ್ತಿದ್ದೆಯೇನೇ ಕನಕಾ? ನಿಜ ಹೇಳು."

"ನಿಮ್ಮ ಬಾಯಿ ನಿಂತರೆ ಸಾಕು ಅಂತ ಎಷ್ಟೋ ಸಲ ಅಂದುಕೊಂಡಿದ್ದೀನಿ ಅತ್ತೆ," ಎಂದಳು ಕನಕಮ್ಮ, ಕಣ್ಣೀರು ಒರೆಸಿಕೊಳ್ಳದೆ. "ಉಸಿರು ನಿಲ್ಲಲಿ ಅಂತ ಒಂದು ದಿನವೂ ಅಂದುಕೊಂಡಿಲ್ಲ."

ಮುದುಕಿ ತಲೆಯಾಡಿಸಿದಳು. ಆಮೇಲೆ ಕುರ್ಚಿಯ ಕೈ ಹಿಡಿದು ಎದ್ದು, ತೂರಾಡುತ್ತ ಗೇಟಿನವರೆಗೆ ನಡೆದಳು. ಹೈಮ ಒಂದು ಹೆಜ್ಜೆ ಹಿಂದೆ ಸರಿದಳು.

"ಹೊಟ್ಟೇಲಿ ಕೂಸು ಇಟ್ಕೊಂಡು ಲಾರಿ ಹತ್ತಿ ಬರ್ತಾರೇನೇ, ಬುದ್ಧಿಗೇಡಿ!" ಎಂದಳು ಅಜ್ಜಿ. ಬೈಗುಳದ ಕೊನೆಯಲ್ಲಿ ದನಿ ಒಡೆದುಹೋಯಿತು. "ನಡಿ ಒಳಗೆ... ಸಂಜೆಗೆ ಈ ಮನೆ ಕಂಪನಿಯವರದು. ಅದಕ್ಕಿಂತ ಮುಂಚೆ ಒಂದು ಸಲವಾದ್ರೂ ಒಳಗೆ ಬಾ ತಾಯಿ..."

ಮಂಚ ಬಿಚ್ಚಿ, ಚಾಪೆ ಸುತ್ತಿಟ್ಟ ಆ ಬೋಳು ನಡುಮನೆಯಲ್ಲಿ ಮೂವರು ಹೆಂಗಸರು ಗಂಟುಗಳ ಮೇಲೆ ಕೂತು ಅತ್ತರು. ಹೊರಗೆ ಸಿಂಹಾದ್ರಿ ಒಬ್ಬನೇ. ಗೌರಿನಾಯ್ಡು, "ಬಾವ, ಸಾಮಾನು ಯಾವ ಲಾರಿಗೆ ಹಾಕಲಿ?" ಎಂದು ಕೇಳಿದ.

ಉತ್ತರ ಕೊಟ್ಟವಳು ಕನಕಮ್ಮ. ಸೆರಗು ಬಿಗಿದುಕೊಂಡು ಹೊರಗೆ ಬಂದಳು. "ಅತ್ತೆಯ ಮಂಚ, ಹಂಡೆ, ಹಾಸಿಗೆ ಆ ಲಾರಿಗೆ. ನನ್ನ ಹೊಲಿಗೆ ಯಂತ್ರ, ಬೀರು ಈ ಲಾರಿಗೆ. ಉಪ್ಪಿನಕಾಯಿ ಜಾಡಿ ಎರಡಕ್ಕೂ ಒಂದೊಂದು."

"ನಾನು...?" ಎಂದ ಸಿಂಹಾದ್ರಿ, ಶಾಲೆಯ ಹುಡುಗನ ಹಾಗೆ.

"ನೀವು ನಿಮ್ಮ ಅಮ್ಮನ ಜೊತೆ ಹೋಗಿ. ಮಗಳ ಬಾಣಂತನಕ್ಕೆ ನಾನು ಹೋಗ್ತೀನಿ, ಆಮೇಲೂ ಅಲ್ಲೇ ಇರ್ತೀನಿ. ಇಷ್ಟು ವರ್ಷ ದೂರ ನಿಂತು ಕಾದಿರಲ್ಲ, ಇನ್ನು ಹತ್ತಿರ ಕೂತು ಕಾಯಿರಿ."

ಬೀದಿಯವರು ಗುಸುಗುಟ್ಟಿದರು. ಈ ವಯಸ್ಸಿನಲ್ಲಿ ಗಂಡ ಹೆಂಡತಿ ಬೇರೆಯಾಗುವುದೇ! ಅಪ್ಪಲನರಸಮ್ಮ ಒಳಗಿನಿಂದ ಕೂಗಿದಳು: "ಬೇಡ ಕಣೇ! ಆ ಪಾಪ ನನ್ನ ತಲೆಗೆ ಕಟ್ಟಬೇಡ. ಗೌರಿ ಜೊತೆ ನಾನೊಬ್ಬಳೇ ಹೋಗ್ತೀನಿ!"

"ನಿಮಗೆ ಬಿಸಿನೀರು ತೋಡಿಕೊಡೋರು ಯಾರು ಅತ್ತೆ? ಗೌರಿ ಹೆಂಡತಿಯಾ?" ಎಂದಳು ಕನಕಮ್ಮ. "ಮಾತು ಕೊಟ್ಟವರು ಇವರು. ಇವರು ಕೊಟ್ಟದ್ದರಲ್ಲಿ ಒಂದಾದರೂ ಉಳೀಲಿ."

ಅವತ್ತು ಮಧ್ಯಾಹ್ನ ಒಂದು ಲಾರಿ ಪಶ್ಚಿಮಕ್ಕೆ, ಇನ್ನೊಂದು ಪೂರ್ವಕ್ಕೆ ಹೋಯಿತು.

ಭೀಮಿಲಿಯಲ್ಲಿ ಸಮುದ್ರದ ಕಡೆ ಮುಖವಿದ್ದ ಗೌರಿನಾಯ್ಡುವಿನ ಹಳೆಯ ಕೋಣೆಯಲ್ಲಿ ತಾಯಿ ಮಗನ ಬದುಕು ಶುರುವಾಯಿತು. ಸಿಂಹಾದ್ರಿ ತಾಯಿಗೆ ನೀರು ಕಾಯಿಸಿದ, ಅವಳ ಸೀರೆ ಒಗೆದ, ಬದನೆಕಾಯಿಗೆ ಒಣ ಸೀಗಡಿ ಹಾಕಿ ಸಾರು ಮಾಡುವುದನ್ನು ಬೈಸಿಕೊಂಡೇ ಕಲಿತ. ಬೆಳಿಗ್ಗೆ ಕಾಫಿ ಲೋಟ ಹಿಡಿದು ಅವನು ಮಂಚದ ಹತ್ತಿರ ಬಂದಾಗಲೆಲ್ಲ ಮುದುಕಿ ಕಣ್ಣು ತೆರೆದು, "ಇನ್ನೂ ಇದ್ದೀನಿ ಕಣೋ" ಎನ್ನುತ್ತಿದ್ದಳು. ಮೊದಮೊದಲು ಆ ಮಾತು ಚೂರಿಯ ಹಾಗೆ ಇಳಿಯುತ್ತಿತ್ತು. ಅವನು ಮುಖ ತಿರುಗಿಸಿ ಕಣ್ಣೊರೆಸಿಕೊಳ್ಳುತ್ತಿದ್ದ. ಬರಬರುತ್ತ ಅವನೂ, "ಇರಮ್ಮಾ, ಕಾಫಿ ಆರುತ್ತೆ" ಎನ್ನತೊಡಗಿದ. ಹೈದರಾಬಾದಿನಲ್ಲಿ ಹೈಮಳಿಗೆ ಹೆಣ್ಣು ಮಗುವಾಯಿತು. ಫೋನಿನ ಗಾಜಿನಲ್ಲಿ ಮರಿಮಗಳನ್ನು ನೋಡಿ ಮುದುಕಿ, "ನನ್ನ ಬಾಯೇ ಬಂದಿದೆ, ಇನ್ನು ಕನಕಂಗೆ ಬಿಡುಗಡೆಯಿಲ್ಲ!" ಎಂದು ನಕ್ಕಳು.

ಎರಡನೆಯ ವರ್ಷ ಮಳೆಗಾಲ ಕಳೆದ ಮೇಲೆ ಒಂದು ಬೆಳಿಗ್ಗೆ ಅವನು ಕಾಫಿ ಹಿಡಿದು ಹೋದಾಗ ಅವಳು ಏನೂ ಅನ್ನಲಿಲ್ಲ.

ಸಿಂಹಾದ್ರಿ ಲೋಟವನ್ನು ಹಿಡಿದುಕೊಂಡೇ ಕೂತ. "ಅಮ್ಮಾ... ಹೇಳಮ್ಮಾ... ಇನ್ನೂ ಇದ್ದೀನಿ ಅನ್ನಮ್ಮಾ...!" ಅವನು ಅತ್ತ ಅಳುವಿಗೆ ಬಲೆ ಹೆಣೆಯುತ್ತಿದ್ದವರು ಕೆಲಸ ಬಿಟ್ಟು ಓಡಿ ಬಂದರು. ಯಾವ ಸಾವನ್ನು ಅಷ್ಟು ವರ್ಷ ಒಳಗೊಳಗೇ ಎದುರು ನೋಡಿದ್ದನೋ, ಅದು ಬಂದಾಗ ಅವನ ಕಾಲಡಿಯ ನೆಲವೇ ಹೋಗಿತ್ತು.

ಕನಕಮ್ಮ ಬಂದಳು. ಹೈಮಳೂ ಮಗುವೂ ಬಂದರು. ಕರ್ಮಗಳೆಲ್ಲ ಮುಗಿದ ಮಾರನೆಯ ದಿನ ಮಗಳು ಮಗುವನ್ನು ಮಲಗಿಸುತ್ತಿದ್ದಾಗ, ಕನಕಮ್ಮ ಗಂಡನ ಬಳಿ ಕಟ್ಟೆಯ ಮೇಲೆ ಬಂದು ಕೂತಳು. ಅವನು ಬಡವಾಗಿದ್ದ, ಕಪ್ಪಾಗಿದ್ದ. ಆದರೆ ಗಣಿಯ ಧೂಳಿನಿಂದ ವರ್ಷಗಟ್ಟಲೆ ಕಾಡಿದ್ದ ಕೆಮ್ಮು ಈಗ ಇರಲಿಲ್ಲ.

"ನನ್ನ ಸಿಟ್ಟು ಹೋಗಿದೆ ರೀ," ಎಂದಳು. "ಇನ್ನು ಇಲ್ಲಿ ಯಾರಿದ್ದಾರೆ? ಹೈಮನ ಮನೆ ಪಕ್ಕದಲ್ಲೇ ಎರಡು ಕೋಣೆ ಇದೆ. ಬರ್ತೀರಾ?"

ಸಿಂಹಾದ್ರಿ ಸಮುದ್ರದ ಕಡೆ ನೋಡಿದ. ಹೂಂ ಎಂದುಬಿಡುತ್ತಾನೆಂದು ಅವಳಿಗೆ ಖಾತರಿಯಿತ್ತು. ಜೀವಮಾನವಿಡೀ ಅವನು ಬೇರೆ ಏನು ಅಂದಿದ್ದ?

"ಇಲ್ಲ ಕನಕಾ," ಎಂದ.

ಅವಳು ಬೆಚ್ಚಿ ತಿರುಗಿದಳು.

"ನಾನು ಇಲ್ಲೇ ಇರ್ತೀನಿ. ಅಷ್ಟು ವರ್ಷ ಕತ್ತಲಲ್ಲಿ ಬಗ್ಗಿಕೊಂಡು ಕೆಲಸ ಮಾಡಿದೆ. ಇಲ್ಲಿ ಬೆಳಿಗ್ಗೆ ಎದ್ದರೆ ಕಣ್ಣಿಗೆ ಅಡ್ಡ ಏನೂ ಇಲ್ಲ. ಅಮ್ಮನಿಗೋಸ್ಕರ ಅಲ್ಲ... ಮೊದಲಿಂದಲೂ ನನಗೂ ಇಲ್ಲಿಗೇ ಬರಬೇಕು ಅಂತಿತ್ತು. ಹೇಳೋಕೆ ಹೆದರಿಕೆ. ನಿನಗೆ ಹೇಳಿದ್ರೆ ಅಳ್ತೀಯ ಅಂತ... ಅದಕ್ಕೇ ಹೈದರಾಬಾದ್ ಅಂದೆ."

ಕನಕಮ್ಮನಿಗೆ ಎದೆಯ ಮೇಲೆ ಯಾರೋ ಗುದ್ದಿದ ಹಾಗಾಯಿತು. ಆದರೂ ಎರಡು ಲಾರಿಗಳು ಬಂದ ಆ ದಿನದ ಮೇಲೆ ಅವನ ಬಾಯಿಂದ ಬಂದ ಮಾತೊಂದನ್ನು ಅನುಮಾನವಿಲ್ಲದೆ ನಂಬಿದ್ದು ಅದೇ ಮೊದಲು.

"ಅವತ್ತೇ ಇದನ್ನ ಹೇಳಿದ್ದರೆ..." ಎಂದಳು.

"ಹೇಳಿದ್ರೆ ಏನು ಮಾಡ್ತಿದ್ದೆ?"

"ಜಗಳ ಆಡ್ತಿದ್ದೆ. ಅತ್ತು ಕರೆದು ಊಟ ಬಿಟ್ಟು ಮಲಗ್ತಿದ್ದೆ..." ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಆಮೇಲೆ ನಿಮ್ಮ ಜೊತೆಗೇ ಬಂದಿರ್ತಿದ್ದೆ ರೀ!"

ಅವನು ಅವಳ ಕೈ ಹಿಡಿದುಕೊಂಡ. ಈಗ ಅವಳು ಬರಲಾರಳೆಂದು ಇಬ್ಬರಿಗೂ ಗೊತ್ತಿತ್ತು. ಹೈಮ ಮತ್ತೆ ಕೆಲಸಕ್ಕೆ ಹೋಗುತ್ತಿದ್ದಳು, ಮಗು ಕನಕಮ್ಮನ ಸೆರಗು ಬಿಟ್ಟು ಒಂದು ಗಳಿಗೆಯೂ ಇರುತ್ತಿರಲಿಲ್ಲ. ಮರುದಿನ ಸಿಂಹಾದ್ರಿ ಮೊಮ್ಮಗಳನ್ನು ಎತ್ತಿಕೊಂಡು ಬಸ್ ನಿಲ್ದಾಣದವರೆಗೆ ಬಂದ. ಮಗುವನ್ನು ಕಿಟಕಿಯಿಂದ, ಹೈಮಳ ಪಕ್ಕ ಕೂತಿದ್ದ ಕನಕಮ್ಮನ ಮಡಿಲಿಗೆ ಕೊಟ್ಟ. ಬಸ್ಸು ಕದಲಿತು.

"ಒಲೆ ಮೇಲೆ ಸಾರಿದೆ, ಸಂಜೆ ಬಿಸಿ ಮಾಡ್ಕೊಳ್ಳಿ," ಎಂದಳು ಅವಳು. "ಬೇಸಿಗೇಲಿ ಮಗೂನ ಕರ್ಕೊಂಡು ಬರ್ತೀನಿ."

ಬಸ್ಸು ತಿರುವು ದಾಟುವವರೆಗೂ ಅವನು ನಿಂತು ನೋಡಿದ. ಆಮೇಲೆ ಮನೆಯ ಕಡೆ ನಡೆದ.