ಮಾಲಕರು ಬರೆದ ಮೂರು ಸಾಲು

ಕಲ್ಯಾಣಪ್ಪ ಮಾಲಕರ ಪತ್ರ ಬಂದಾಗ ಶೇವಂತಾಬಾಯಿ ಉದಗೀರಿನ ತನ್ನ ಹೊಲಿಗೆ ಅಂಗಡಿ ಖಾಲಿ ಮಾಡುತ್ತಿದ್ದಳು. ಸೊಲ್ಲಾಪುರದ ತಂಗಿಯ ಮನೆಗೆ ಹೋಗಿ ಅಲ್ಲೇ ಇದ್ದುಬಿಡುವುದೆಂದು ನಿಶ್ಚಯವಾಗಿತ್ತು. ಲಕೋಟೆಯ ಮೇಲಿನ ದುಂಡು ಅಕ್ಷರ ನೋಡಿದ್ದೇ ಕೈಯಲ್ಲಿದ್ದ ಕತ್ತರಿ ಕೆಳಗಿಟ್ಟಳು.

ಒಳಗೆ ಮೂರೇ ಸಾಲು. ‘ಭೂಕಂಪದಲ್ಲಿ ನೊಂದವರಿಗಾಗಿ ಉಮರ್ಗಾದಲ್ಲಿ ಒಂದು ನಾಟಕ ಆಡುವವರಿದ್ದೇವೆ. ತಾಲೀಮು ನಿಲಂಗಾದಲ್ಲಿ. ಸಾಧ್ಯವಾದರೆ ತಾವು ಬರಬೇಕು.’

ಸಾಧ್ಯವಾದರೆ! ವರ್ಷಗಟ್ಟಲೆ ಅವರೆದುರು ರಾಣಿಯಾಗಿ ನಿಂತವಳಿಗೆ ಸಾಧ್ಯವಾದರೆ!

ನಾಟಕ ಕಂಪನಿಗೆ ಮಾಲಕರೂ ಅವರೇ, ರಾಜಾಪಾರ್ಟೂ ಅವರೇ. ಊರೂರಿಗೆ ವಿಡಿಯೋ ಬಂದು ಕಂಪನಿ ಸೊರಗಿದಾಗ ಕಲಾವಿದರು ಒಬ್ಬೊಬ್ಬರಾಗಿ ಬಿಟ್ಟುಹೋದರು. ಹೋಗುವವರಿಗೆಲ್ಲ ಮಾಲಕರು ಶಾಲು ಹೊದಿಸಿ, ನಗಿಸಿ, ಅಳಿಸಿ ಕಳಿಸುತ್ತಿದ್ದರು. ಹಾಸಿಗೆ ಹಿಡಿದ ಅವ್ವನನ್ನು ನೋಡಿಕೊಳ್ಳಲು ಶೇವಂತಾಬಾಯಿ ಹೊರಟ ದಿನ ಮಾತ್ರ ಅವರು ಪರದೆಯ ಹಿಂದಿನಿಂದ ಹೊರಗೇ ಬರಲಿಲ್ಲ. ಆ ಸಿಟ್ಟು ಅವಳಲ್ಲಿ ಇನ್ನೂ ಆರಿರಲಿಲ್ಲ.

‘ಬರಲ್ಲ ಅಂತ ಎದುರಿಗೇ ಹೇಳಿ ಬರ್ತೀನಿ’ ಅಂದುಕೊಂಡು ನಿಲಂಗಾದ ಬಸ್ಸು ಹತ್ತಿದಳು. ಹತ್ತುವ ಮುನ್ನ ಒಳ್ಳೆಯ ಸೀರೆ ಉಟ್ಟಿದ್ದನ್ನು ತನಗೆ ತಾನೇ ಒಪ್ಪಿಕೊಳ್ಳಲಿಲ್ಲ.

ಧಾನ್ಯದ ಪೇಟೆಯ ಹಿಂದಿನ ಗೋದಾಮಿನಲ್ಲಿ ಹಳೆಯ ಬಳಗವೆಲ್ಲ ಸೇರಿತ್ತು. ಹಾರ್ಮೋನಿಯಂ ವೈಜಿನಾಥ ತನಗೆ ಬಂದ ಪತ್ರವನ್ನು ಎಲ್ಲರಿಗೂ ಓದಿ ಹೇಳುತ್ತಿದ್ದ.

“‘ನಿನ್ನ ಪೇಟಿಗೆ ಕೆಮ್ಮು ಹತ್ಯದಂತ ಕೇಳೀನಿ. ಬಿಸಲಿಗಿಟ್ಟು, ಬೆಚ್ಚಗ ಮಾಡಿ ಕರಕೊಂಡು ಬಾ.’ ಹಿಂಗ ನಾಕು ಪುಟ ಬರದಾರ ನೋಡ್ರಿ!”

ನಗೆಪಾತ್ರದ ಗುರುಬಾಯಿ ಸುಮ್ಮನಿರುತ್ತಾಳೆಯೇ? “ನನಗೇನು ಬರದಾರ ಗೊತ್ತದ? ‘ನೀ ಇಲ್ಲದ ನಾಟಕ ಉಪ್ಪಿಲ್ಲದ ಪಿಠ್ಲ’ ಅಂತ!”

ಲಾತೂರಿನ ಡಾಕ್ಟರಿಗೆ ಒಂದು ಪತ್ರ ಹೋಗಿತ್ತಂತೆ, ಕಂಬಳಿ ತುಂಬಿದ ಲಾರಿ ಬಂತು. ದೇವಣಿಯ ಹಾಡುಗಾರ, ಭಾಲ್ಕಿಯ ಪರದೆ ಬರೆಯುವಾತ, ಎಲ್ಲರೂ ಒಂದೊಂದು ಪತ್ರಕ್ಕೇ ಓಡಿಬಂದಿದ್ದರು. ಇಷ್ಟು ಮಂದಿಯ ಮನಸ್ಸು ಬಲ್ಲ ಮನುಷ್ಯ ತನಗೆ ಮಾತ್ರ ನೋಟೀಸು ಕಳಿಸಿದನೇ ಎಂದುಕೊಂಡು ಶೇವಂತಾಬಾಯಿ ಮಾಲಕರನ್ನು ಹುಡುಕಿದಳು.

ಕಲ್ಯಾಣಪ್ಪ ಏಣಿಯ ಮೇಲೆ ನಿಂತು ಪರದೆ ಕಟ್ಟುತ್ತಿದ್ದರು. ಕೂದಲು ಬೆಳ್ಳಗಾಗಿದ್ದವು, ಬೆನ್ನು ಮಾತ್ರ ರಾಜನದೇ. ತಿರುಗಿ ಅವಳನ್ನು ಕಂಡರು. ಕೈಯಲ್ಲಿದ್ದ ಹಗ್ಗ ಜಾರಿ, ಅರ್ಧ ಪರದೆ ವೈಜಿನಾಥನ ತಲೆಯ ಮೇಲೆ ಬಿತ್ತು.

“ನಾ ಬರಲ್ಲ ಅಂತ ಹೇಳ್ಲಾಕ ಬಂದೀನ್ರಿ, ಮಾಲಕ್ರಿ,” ಅಂದಳು.

“ಬರಲ್ಲ ಅನ್ಲಾಕ ಇಲ್ಲೀತನ ಬಂದ್ರೇನ್ರಿ?” ಅವರು ಮೆಲ್ಲಗೆ ಇಳಿದು ಬಂದರು. “ಚಾ ಕುಡದರ ಹೇಳ್ರಿ.”

ನಗಬಾರದೆಂದು ತುಟಿ ಕಚ್ಚಿದಳು. ನಗು ಕಣ್ಣಲ್ಲಿ ಬಂದುಬಿಟ್ಟಿತು. ಅದನ್ನು ಮರೆಸಲು ಗಟ್ಟಿಯಾಗಿ ಕೇಳಿದಳು, “ವೈಜಿನಾಥಗ ನಾಕು ಪುಟ. ನನಗ ಮೂರು ಸಾಲು ಯಾಕ್ರಿ?”

ಕಲ್ಯಾಣಪ್ಪ ತಲೆ ತಗ್ಗಿಸಿದರು. “ಅಂವಗ ಬರೀಲಾಕ ಕುಂತ್ರ ಪೆನ್ನು ಓಡ್ತದ. ನಿಮಗ ಬರದದ್ದು ಭಾಳ ಅದ, ಬಾಯಿಯವ್ರೇ. ಎಲ್ಲ ಹರದು ಒಗದೀನಿ. ಮಂದಿ ಮುಂದ ಓದಂಥದ್ದು ಅಷ್ಟೇ ಉಳೀತು.”

“ನಾ ಹೋದ ದಿನ ಯಾಕ ಹೊರಗ ಬರಲಿಲ್ಲ?”

“ಬಂದಿದ್ರ, ಹೋಗಬ್ಯಾಡ್ರಿ ಅಂದುಬಿಡ್ತಿದ್ದೆ. ನಿಮ್ಮವ್ವಗ ನೀವು ಬೇಕಾಗಿದ್ರಿ.”

ಚಹಾ ತಣ್ಣಗಾಯಿತು. ಆಮೇಲೆ ಬಿದ್ದ ಪರದೆಯ ಒಂದು ತುದಿ ಹಿಡಿದು, “ಏಣಿ ಹತ್ರಿ, ನಾ ಹಿಡೀತೀನಿ,” ಅಂದಳು.

ಉಮರ್ಗಾದ ಹೊರಗೆ, ತಗಡಿನ ಶೆಡ್ಡುಗಳ ನಡುವಿನ ಬಯಲಲ್ಲಿ ರಂಗ ಕಟ್ಟಿದರು. ನಾಟಕದಲ್ಲಿ ಗುಡುಗು ಸಿಡಿಲಿನ ದೃಶ್ಯವೊಂದಿತ್ತು. ಅದಕ್ಕೆಂದೇ ದೊಡ್ಡ ನಗಾರಿ ತಂದಿದ್ದರು. ಸಂಜೆ ಲಾರಿಯೊಂದು ಧಡಧಡ ಕಲ್ಲು ಸುರಿಯಿತು. ಮುಂದೆ ಕೂತಿದ್ದ ಹೆಂಗಸರು ಮಕ್ಕಳನ್ನು ಎದೆಗವಚಿಕೊಂಡು ಎದ್ದುನಿಂತರು. ಕಲ್ಯಾಣಪ್ಪ ಅದನ್ನು ನೋಡಿದರು. ಯಾರಿಗೂ ಏನೂ ಹೇಳದೆ, ಕಿರೀಟ ಕಟ್ಟಿಕೊಂಡೇ ನಗಾರಿ ಎತ್ತಿ ರಂಗದ ಕೆಳಗಿಟ್ಟು, ಮೇಲೆ ಕಂಬಳಿ ಮುಚ್ಚಿ ಬಂದರು. ಆ ದೃಶ್ಯದಲ್ಲಿ ಬರೀ ದನಿಯಿಂದ, ಬೆರಳುಗಳಿಂದ ಮಳೆ ಸುರಿಸಿದರು. ಬಲು ಮೆತ್ತನೆಯ ಮಳೆ. ಗುರುಬಾಯಿಯ ಮಾತಿಗೆ ಮುದುಕಿಯೊಬ್ಬಳು ಬಾಯಿಗೆ ಸೆರಗು ಹಚ್ಚಿಕೊಂಡು ನಕ್ಕಳು. ಆಮೇಲೆ ಬಯಲೆಲ್ಲ ನಕ್ಕಿತು.

ರಾಣಿಯ ವೇಷದಲ್ಲಿ ರಂಗದ ಪಕ್ಕ ನಿಂತು ನೋಡುತ್ತಿದ್ದ ಶೇವಂತಾಬಾಯಿಗೆ ಕಣ್ಣು ತುಂಬಿ ಬಂದವು. ಇಂಥವನ ಮೇಲೆ ಇಷ್ಟು ವರ್ಷ ಸಿಟ್ಟು ಹಿಡಿದೆನಲ್ಲ ಅಂದುಕೊಂಡಳು. ಸಿಟ್ಟಿನ ಒಳಗೆ ಇದ್ದದ್ದು ಏನೆಂಬುದೂ ಆಗಲೇ ತಿಳಿಯಿತು.

ಮರುದಿನ ಮುಂಜಾನೆ ಉಮರ್ಗಾದಲ್ಲಿ, ನಿಲಂಗಾ ಹಾಯ್ದು ಉದಗೀರಿಗೆ ಹೋಗುವ ಬಸ್ಸು ನಿಂತಿತ್ತು. ತಾಲೀಮಿಗೆಂದು ಊರಿನಿಂದ ತರಿಸಿಕೊಂಡಿದ್ದ ಅವಳ ಟ್ರಂಕು ಸೀಟಿನ ಕೆಳಗೆ ತಳ್ಳಲು ಕಲ್ಯಾಣಪ್ಪ ಒಳಗೆ ಹತ್ತಿದರು. ಅದೊಂದು ಟ್ರಂಕು ಸರಿಸುವುದಕ್ಕೆ ಎಷ್ಟು ಹೊತ್ತು! ಕಂಡಕ್ಟರ್ ಸೀಟಿ ಊದಿದ, ಬಸ್ಸು ಹೊರಟಿತು.

“ಮಾಲಕ್ರಿ, ಇಳೀಲಿಲ್ಲಲ್ರಿ?”

“ನಿಲಂಗಾದಾಗ ನಂದು ಎರಡು ಖೋಲಿ ಮನಿ ಅದ,” ಅಂದರು ಅವರು, ಕಿಟಕಿಯ ಹೊರಗೆ ನೋಡುತ್ತ. ಸಾವಿರ ಮಂದಿಯ ಮುಂದೆ ನಡುಗದ ದನಿ ನಡುಗುತ್ತಿತ್ತು. “ನಮ್ಮ ಮನಿಯಾಕಿ ಕುಸುಮಬಾಯಿ ತೀರಿಕೊಂಡ ಮ್ಯಾಲ ಒಬ್ಬನ ಇದೀನಿ. ಅಡಗಿ ನಾನೇ ಮಾಡ್ಕೋತೀನಿ. ಭಕ್ಕರಿ ಅಷ್ಟು ದುಂಡಗ ಬರಂಗಿಲ್ಲ.”

“ಸುಟ್ಟಿರಬಾರದು, ಅಷ್ಟೇ,” ಅಂದಳು ಶೇವಂತಾಬಾಯಿ. ಕೆನ್ನೆ ಬಿಸಿಯಾಗಿತ್ತು.

“ಸೊಲ್ಲಾಪುರ?”

“ತಂಗೀನ್ನ ನೋಡ್ಲಾಕ ಇಬ್ಬರೂ ಹೋಗಿ ಬರೋಣ.”

ಕಂಡಕ್ಟರ್ ಬಂದು ಎಲ್ಲಿಗೆಂದು ಮರಾಠಿಯಲ್ಲಿ ಕೇಳಿದ. “ಕುಠೆ, ಮಾವಶಿ?”

“ನಿಲಂಗಾ. ದೋನ್ ದ್ಯಾ,” ಅಂದಳು ಅವಳು.

ಅವನು ಎರಡು ಟಿಕೀಟು ಹರಿದು ಕೊಟ್ಟ. ಶೇವಂತಾಬಾಯಿ ಕಿಟಕಿಯ ಕಡೆಗೆ ಜರುಗಿ ಜಾಗ ಮಾಡಿದಳು. ಕಲ್ಯಾಣಪ್ಪ ಕೂತರು. ನಿಲಂಗಾ ಬರುವವರೆಗೆ ಇಬ್ಬರೂ ಹಿಡಿದ ಕೈ ಬಿಡಲಿಲ್ಲ.