ಹತ್ತರಿಂದ ಹಿಡಿದ ಟೇಪು

“ಇಲ್ಲಿ ಕಾಂಕ್ರೀಟ್ ಹಾಕೋ ಹಾಗಿಲ್ಲ,” ಎಂದರು ಪುರಸಭೆಯ ಇನ್‌ಸ್ಪೆಕ್ಟರ್ ಮೇಡಂ.

ಬಾಡಿಗೆಯ ಮಿಕ್ಸರ್ ಆಗಲೇ ಗೇಟಿನ ಬಳಿ ಬಂದು ನಿಂತಿತ್ತು. ಮರಳು, ಜಲ್ಲಿ, ಸಿಮೆಂಟ್ ಮೂಟೆ ಎಲ್ಲ ಸಿದ್ಧವಾಗಿದ್ದವು. ಬಾಗಿಲ ಮುಂದಿನ ಕಟ್ಟೆಯಿಂದ ಅಂಗಳಕ್ಕೆ ಇಳಿಜಾರಾಗಿ ಹಲಗೆ ಹೊಡೆದು, ನಡುವೆ ಕಂಬಿ ಕಟ್ಟಿ ಆಗಿತ್ತು. ಮೇಡಂ ಒಂದು ಸಹಿ ಹಾಕಿದ್ದರೆ ಮಧ್ಯಾಹ್ನದೊಳಗೆ ರ‍್ಯಾಂಪ್ ಮುಗಿಯುತ್ತಿತ್ತು.

ರ‍್ಯಾಂಪ್ ಅಜ್ಜಿಗಾಗಿ. ಜಾರಿ ಬಿದ್ದು ಸೊಂಟದ ಮೂಳೆ ಮುರಿದ ಮೇಲೆ ಅಜ್ಜಿ ಗಾಲಿಕುರ್ಚಿಯಲ್ಲೇ ಓಡಾಡುತ್ತಿದ್ದರು. ನಾಲ್ಕು ತಿಂಗಳಿಂದ ಅಂಗಳಕ್ಕೆ ಇಳಿದಿರಲಿಲ್ಲ. ಇಬ್ಬರು ಸೇರಿ ಎತ್ತಿ ಇಳಿಸುತ್ತೇವೆ ಎಂದರೆ, “ನಾನೇನು ಬೀರುನಾ?” ಎಂದು ಮುಖ ತಿರುಗಿಸುತ್ತಿದ್ದರು.

ಅಮ್ಮ ಪ್ಲಾಸ್ಟಿಕ್ ಫೈಲನ್ನು ಮುಂದೆ ಹಿಡಿದರು. “ಪರ್ಮಿಟ್ ಇದೆಯಲ್ಲ ಮೇಡಂ? ಇದಕ್ಕೋಸ್ಕರ ಮೂರು ಸಲ ಆಫೀಸಿಗೆ ಅಲೆದಿದ್ದೀನಿ.”

“ಪರ್ಮಿಟ್ ಕೊಟ್ಟಿರೋದು ಈ ನಕ್ಷೆಗೆ. ಇದರಲ್ಲಿ ಕಟ್ಟೆಯಿಂದ ಚರಂಡಿವರೆಗೆ ನಾಲ್ಕು ಮೀಟರ್ ಅಂತಿದೆ. ಮೂರು ಮೀಟರ್ ರ‍್ಯಾಂಪ್, ಕೆಳಗೆ ಕುರ್ಚಿ ತಿರುಗಿಸೋಕೆ ಒಂದು ಮೀಟರ್ ಜಾಗ. ನಾನು ಅಳೆದೆ. ಆ ಜಾಗ ತೊಂಬತ್ತೇ ಸೆಂಟಿಮೀಟರ್ ಇದೆ.”

“ಹತ್ತು ಸೆಂಟಿಮೀಟರ್ ತಾನೇ?” ಮೇಸ್ತ್ರಿ ಮಾಮ ತಲೆ ಕೆರೆದುಕೊಂಡರು. “ರ‍್ಯಾಂಪನ್ನೇ ಅಷ್ಟು ಗಿಡ್ಡ ಮಾಡಿಬಿಡ್ತೀನಿ.”

“ಮಾಡಿದ್ರೆ ಕಡಿದಾಗುತ್ತೆ. ಆಮೇಲೆ ಅಜ್ಜಿ ತಾವೇ ತಳ್ಳಿಕೊಂಡು ಹತ್ತೋಕಾಗಲ್ಲ.”

ಬಾಗಿಲಲ್ಲಿ ಕೂತಿದ್ದ ಅಜ್ಜಿ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದರು. “ನೀವು ನೀವೇ ಯಾಕೆ ಕಿತ್ತಾಡ್ತೀರಿ? ನನ್ನನ್ನ ಬೆತ್ತದ ಕುರ್ಚಿಲಿ ಕೂರಿಸಿ, ಈ ಗಾಡಿ ತಗೊಂಡು ಹೋಗಿ. ತಿರುಗುತ್ತೋ ಇಲ್ವೋ ನೋಡೇ ಬಿಡೋಣ.”

ಮೇಡಂ ಖಾಲಿ ಗಾಲಿಕುರ್ಚಿಯನ್ನು ಹಲಗೆ ಮುಗಿಯುವಲ್ಲಿ ನಿಲ್ಲಿಸಿ, ನಿಧಾನವಾಗಿ ಗೇಟಿನ ಕಡೆಗೆ ತಿರುಗಿಸಿದರು. ಅರ್ಧ ತಿರುಗುವಷ್ಟರಲ್ಲಿ ಮುಂದಿನ ಚಿಕ್ಕ ಗಾಲಿ ಚರಂಡಿಯ ಅಂಚಿನಿಂದ ಜಾರಿ ಕೆಳಗೆ ಹೋಯಿತು. ಕುರ್ಚಿ ಒಂದು ಪಕ್ಕಕ್ಕೆ ವಾಲಿ ನಿಂತಿತು.



ಕಟ್ಟೆಯ ಮೂಲೆಯಲ್ಲಿ ನಿಂತಿದ್ದ ಮೊಮ್ಮಗಳು ಚೂಟಿ ಆ ಕುರ್ಚಿಯನ್ನೇ ನೋಡಿದಳು. ನಿಂತಲ್ಲಿ ನಿಲ್ಲುವುದಿಲ್ಲವೆಂದು ಅವಳಿಗೆ ಆ ಹೆಸರು ಬಿದ್ದಿತ್ತು. ಈಗ ಮಾತ್ರ ಅವಳ ಕಾಲು ನೆಲಕ್ಕೆ ಅಂಟಿಕೊಂಡಂತಿತ್ತು.

ಮೇಡಂ ಚೀಲದಿಂದ ಪುಸ್ತಕ ತೆಗೆದರು. “ಅಳತೆ ತೆಗೆದಿದ್ದು ಯಾರು?”

“ನಾನೇ,” ಎಂದರು ಮೇಸ್ತ್ರಿ ಮಾಮ.

“ಹಾಗಾದ್ರೆ ತಪ್ಪು ಅಳತೆ ಅಂತ ನಿಮ್ಮ ಹೆಸರಿಗೆ ಬರೀಬೇಕು. ಇದು ನಿಮ್ಮ ಲೈಸೆನ್ಸ್ ಫೈಲಿಗೆ ಹೋಗುತ್ತೆ.”

“ಇಪ್ಪತ್ತಾರು ವರ್ಷದಲ್ಲಿ ಅದರಲ್ಲಿ ಒಂದು ಗೀಟೂ ಬಿದ್ದಿಲ್ಲ ಮೇಡಂ.”  ಮಾಮನ ಕಣ್ಣು ಒಮ್ಮೆ ಚೂಟಿಯ ಕಡೆ ಬಂದು ಹಾಗೇ ಹಿಂದೆ ಹೋಯಿತು.

ಮೇಸ್ತ್ರಿ ಮಾಮನ ಟೇಪಿನ ತುದಿ ಯಾವಾಗಲೋ ಮುರಿದುಹೋಗಿತ್ತು. ಸವೆದ ತುಂಡನ್ನು ಮಾಮ ಕತ್ತರಿಸಿ ಎಸೆದಿದ್ದರು. ಹಾಗಾಗಿ ಆ ಟೇಪು ಶುರುವಾಗುವುದೇ ಹತ್ತನೇ ಸೆಂಟಿಮೀಟರಿನಿಂದ. ಅಳೆದ ಮೇಲೆ ಹತ್ತು ಕಳೆಯಬೇಕು. ಹೊಸದು ತಗೊಳ್ಳಿ ಎಂದರೆ, “ಕಳೆಯೋಕೆ ಬರೋವರೆಗೂ ಇದೇ ಸಾಕು,” ಎಂದು ನಗುತ್ತಿದ್ದರು.

ಕಳೆದ ತಿಂಗಳು ಅಂಗಳ ಅಳೆದ ದಿನ ಮಾಮ ಕಟ್ಟೆಯ ಹತ್ತಿರ ಟೇಪಿನ ತುದಿ ಹಿಡಿದಿದ್ದರು. ಚರಂಡಿಯ ಹತ್ತಿರ ಸಂಖ್ಯೆ ಓದಿದ್ದು ಚೂಟಿ.

“ಎಷ್ಟಮ್ಮಾ?”

“ನಾಲ್ಕು ಮೀಟರ್!”

“ಹತ್ತು ಕಳೆದ್ಯಾ?”

ಅದೇ ಹೊತ್ತಿಗೆ ಗೇಟಿನಾಚೆ ಗೆಳತಿಯ ಸೈಕಲ್ ಬೆಲ್ ಕೇಳಿಸಿತ್ತು. “ಹೂಂ ಹೂಂ!” ಎಂದು ಕೂಗಿ ಟೇಪು ಕೈಬಿಟ್ಟು ಓಡಿದ್ದಳು. ಕಳೆದಿರಲಿಲ್ಲ. ಅಮ್ಮ ನಕ್ಷೆಯಲ್ಲಿ ಅದನ್ನೇ ಬರೆದಿದ್ದರು.

ಮೇಡಂ ಪೆನ್ನಿನ ಕ್ಯಾಪ್ ತೆಗೆದರು.

“ಮಾಮ ಕೇಳಿದ್ರು,” ಎಂದಳು ಚೂಟಿ. ದನಿ ಅಷ್ಟು ಸಣ್ಣಗಿತ್ತೆಂದು ಅವಳಿಗೇ ಗೊತ್ತಾಯಿತು. ಇನ್ನೊಂದು ಸಲ ಹೇಳಿದಳು. “ಹತ್ತು ಕಳೆದ್ಯಾ ಅಂತ ಮಾಮ ಕೇಳಿದ್ರು. ನಾನು ಕಳೀದೇನೇ ಹೂಂ ಅಂದೆ. ಆಟಕ್ಕೆ ಹೋಗ್ಬೇಕಿತ್ತು.”

ಅಮ್ಮ ಅವಳ ಕಡೆ ತಿರುಗಿದರು. 

“ಇವಳು ಚಿಕ್ಕ ಹುಡುಗಿ ಮೇಡಂ,” ಎಂದರು ಮಾಮ. “ಹಲಗೆ ಹೊಡೆಯೋ ಮುಂಚೆ ನಾನೂ ಒಂದು ಸಲ ನೋಡ್ಬೇಕಿತ್ತು. ನೋಡಲಿಲ್ಲ.”

ಮೇಡಂ ಟೇಪು ಕೇಳಿ ತೆಗೆದುಕೊಂಡು ಅದರ ತುಂಡಾದ ತುದಿಯನ್ನು ನೋಡಿದರು. “ಮೊದಲು ಇದನ್ನ ಬಿಸಾಕಿ.” ಆಮೇಲೆ ಬರೆದರು. ಬರೆದದ್ದನ್ನು ಓದಿ ಹೇಳಿದರು. “ಕಾಂಕ್ರೀಟ್ ಹಾಕುವ ಮೊದಲೇ ತಪ್ಪು ಗೊತ್ತಾಗಿದೆ. ಮರು ಅಳತೆ, ಹೊಸ ನಕ್ಷೆ. ಇಷ್ಟೇ. ಗೋಡೆ ಪಕ್ಕದಲ್ಲಿ ಗೇಟಿನ ಕಡೆಗೆ ರ‍್ಯಾಂಪ್ ತಿರುಗಿಸಿ, ಅಲ್ಲಿ ಜಾಗ ಇದೆ. ನಕ್ಷೆ ಇವತ್ತೇ ಕೊಟ್ರೆ ಹತ್ತು ದಿನದಲ್ಲಿ ಪರ್ಮಿಟ್ ಸಿಗುತ್ತೆ.”

“ಹತ್ತು ದಿನ!” ಅಮ್ಮನ ಮುಖ ಸಪ್ಪಗಾಯಿತು.

“ನಾಲ್ಕು ತಿಂಗಳು ಕೂತಿದ್ದೀನಿ,” ಎಂದರು ಅಜ್ಜಿ. “ಇನ್ನು ಹತ್ತು ದಿನ ಕೂತ್ರೆ ನಾನೇನು ಬೇರು ಬಿಡಲ್ಲ. ಹಲಗೆ ಬಿಚ್ಚಿ.”

ಮಿಕ್ಸರ್ ಬಂದ ದಾರಿಯಲ್ಲೇ ವಾಪಸ್ ಹೋಯಿತು. ಮಾಮ ಒಂದೊಂದೇ ಮೊಳೆ ಕಿತ್ತು ಹಲಗೆಗಳನ್ನು ಗೋಡೆಗೆ ಒರಗಿಸಿದರು. ಕೊನೆಗೆ ಹಳೆಯ ಟೇಪಿನ ಇನ್ನೊಂದು ತುದಿಯನ್ನು ಚೂಟಿಯ ಕಡೆ ಚಾಚಿದರು.

“ಹೊಸದು ನಾಳೆ ತರ್ತೀನಿ. ಇವತ್ತಿಗೆ ಇದೇ. ಹಿಡೀತೀಯಾ?”

ಚೂಟಿ ಗೋಡೆಯುದ್ದಕ್ಕೂ ಟೇಪು ಎಳೆದುಕೊಂಡು ಹೋದಳು. ಗೇಟಿನಾಚೆ ಸೈಕಲ್ ಬೆಲ್ ಬಡಿಯಿತು. ಒಮ್ಮೆ, ಮತ್ತೆ ಒಮ್ಮೆ.

“ತಾಳೇ!” ಎಂದು ಕೂಗಿದಳು. ಮಂಡಿಯೂರಿ ಕೂತು ಓದಿದಳು. “ಐದು ನಲವತ್ತು. ಹತ್ತು ಕಳೆದ್ರೆ ಐದು ಮೂವತ್ತು.”

ಮಾಮ ಕಿವಿಯ ಮೇಲಿನ ಪೆನ್ಸಿಲ್ ತೆಗೆದರು.

“ಬರೀಬೇಡಿ ಮಾಮ. ಇನ್ನೊಂದು ಸಲ ನೋಡ್ತೀನಿ.”

ಎರಡನೇ ಸಲವೂ ಐದು ಮೂವತ್ತೇ ಬಂತು. ಆಮೇಲೆ ಮಾಮ ಬರೆದುಕೊಂಡರು.

ಒಳಗೆ ಅಜ್ಜಿ ಮತ್ತೆ ತಮ್ಮ ಕುರ್ಚಿಗೆ ಬಂದಿದ್ದರು. ಚೂಟಿ ಒದ್ದೆ ಬಟ್ಟೆ ತಂದು, ಮುಂದಿನ ಚಿಕ್ಕ ಗಾಲಿಗೆ ಮೆತ್ತಿದ್ದ ಚರಂಡಿಯ ಕೆಸರನ್ನು ಒರೆಸಿದಳು. ಒರೆಸಿ ಆದ ಮೇಲೂ ಅದನ್ನು ಹಿಡಿದುಕೊಂಡೇ ಕೂತಳು. ಗಾಲಿಯ ಅಗಲ ಅವಳ ಎರಡು ಬೆರಳಷ್ಟೇ ಇತ್ತು; ಅವಳು ಕಳೆಯದೆ ಬಿಟ್ಟ ಹತ್ತು ಸೆಂಟಿಮೀಟರ್ ಅದಕ್ಕಿಂತ ಎಷ್ಟೋ ಹೆಚ್ಚು.