‘ತಡಿ’ ಅನ್ನೋ ಕಾರ್ಡು

“ತಡಿ ಅನ್ನೋ ಕಾರ್ಡ್ ಎಲ್ಲಿ ಹೋತ್ರಿ, ಸಂಗಮನಾಥ ಅವರೇ?”

ಶಿವಗಂಗಾ ಬಹುವಚನ ಹಚ್ಚಿದಳೆಂದರೆ ಸಿಟ್ಟು ನೆತ್ತಿಗೇರಿದೆ ಎಂದೇ ಲೆಕ್ಕ. ಸಂಭಾಜಿನಗರದ ಬಸ್ಸಿಳಿದು ನಾಸಿಕದ ಅವಳ ಮನೆಗೆ ಬಂದವನು ಇನ್ನೂ ಚಪ್ಪಲಿ ಬಿಟ್ಟಿರಲಿಲ್ಲ. ಇವತ್ತು ಅವಳ ತಾಯಿಯ ಮುಂದೆ ಮದುವೆಯ ಮಾತೆತ್ತಬೇಕೆಂದು ಇಸ್ತ್ರಿ ಅಂಗಿ ಹಾಕಿಕೊಂಡು ಬಂದಿದ್ದ.

ಇಬ್ಬರೂ ಕೂಡಿ ಮಾಡುತ್ತಿದ್ದ ಮೊಬೈಲ್ ಗೇಮ್ ಅದು. ಕಟ್ಟಡ ಕೆಲಸದವರ ಮಕ್ಕಳು ಆಡುತ್ತಾ ಆಡುತ್ತಾ ಕಂಪ್ಯೂಟರ್ ಕಲಿಯಲೆಂದು. ಪರದೆಯ ಮೇಲೆ ಸ್ಲ್ಯಾಬ್ ಹಾಕುವ ಹೆಂಗಸರ ಸಾಲು. ಎತ್ತು, ಕೊಡು, ತಡಿ, ಬಿಡು ಎಂಬ ಕಾರ್ಡುಗಳನ್ನು ಸರಿಯಾಗಿ ಜೋಡಿಸಿದರೆ ಕಾಂಕ್ರೀಟಿನ ಬುಟ್ಟಿ ಕೈಯಿಂದ ಕೈಗೆ ಮೇಲೇರುತ್ತದೆ.

“ನಮ್ಮ ಕಡೆ ಬಿಡಕಿನ್ ಊರಾಗ ಹುಡುಗರಿಗೆ ತೋರ್ಸಿದೆ. ನಡುವ ನಿಲ್ಲೂದು ಬೋರ್ ಅಂದ್ರು, ತಗದೆ. ಈಗ ನೋಡು, ಎಷ್ಟ್ ಫಾಸ್ಟ್!”

ಅವಳು ಆಡಿ ನೋಡಿದಳು. ಬುಟ್ಟಿ ಜಾರಿತು. ಪರದೆಯ ಹೆಂಗಸು ಕಾಲು ಹಿಡಿದು ಕುಂಟತೊಡಗಿದಳು. ಫೋನಿನಿಂದ ಹಾಹಾ ಎಂದು ನಗುವಿನ ಸದ್ದು.

“ನಗೂದೂ ಹಾಕೀರಿ.” ಅವಳು ಫೋನನ್ನು ಅವನ ಕೈಗೆ ತುರುಕಿದಳು. “ನಮ್ಮವ್ವನ ಕಾಲು ಹೆಂಗ ಹೋತಂತ ಎಂದಾರ ಕೇಳೀರೇನು?”

ಸಂಗಮನಾಥ ಕೇಳಿರಲಿಲ್ಲ. ಬೀದರಿನಿಂದ ಬಂದು ಅಂಗಡಿ ಇಟ್ಟವರ ಮಗ. ಅವಳ ತಾಯಿ ಸಕ್ರವ್ವ ಹುಟ್ಟಿನಿಂದಲೇ ಕುಂಟುತ್ತಾಳೆಂದು ತಿಳಿದಿದ್ದ.

“ಆರನೇ ಮಾಳಿಗಿ. ಕೆಲಸ ಮಾಡ್ಸೂ ಮುಕಾದಮ ಜಲ್ದಿ ಜಲ್ದಿ ಅಂತ ಒದರತಿದ್ದ. ಅವ್ವ ‘ಹಿಡದೆ’ ಅನ್ನೂಕಿಂತ ಮೊದ್ಲ ಬುಟ್ಟಿ ಕೊಡಾಕಿ ಕೈ ಬಿಟ್ಳು. ತುಂಬಿದ ಬುಟ್ಟಿ, ಕಾಲಮ್ಯಾಲ. ನಿಮಗ ಬೋರ್! ಹೋಗ್ರಿ. ಗೇಮ್ ನಿಮ್ಮ ಹತ್ರಾನ ಇಟ್ಕೋರಿ.”

ಅವನು ಬಾಯಿ ತೆರೆಯುವಷ್ಟರಲ್ಲಿ ಮೆಟ್ಟಿಲ ಮೇಲಿನಿಂದ ಸಕ್ರವ್ವ ಕೂಗಿದಳು.

“ನಳ ಬಂದಾವ! ಜಗಳ ಆಮ್ಯಾಲ ಮಾಡ್ರಿ, ಮೊದ್ಲ ಸಾಲಿಗೆ ನಿಂದರ್ರಿ!”

ಅರ್ಧ ಗಂಟೆಯ ನೀರು. ಮೇಲಿನ ಡ್ರಮ್ಮು ತುಂಬಬೇಕು. ಕೆಳಗೆ ನಳದ ಹತ್ತಿರ ಅವನು, ನಡುಮೆಟ್ಟಿಲಲ್ಲಿ ಅವಳು, ಮೇಲೆ ಸಕ್ರವ್ವ.

ಮೊದಲನೇ ಕೊಡವನ್ನು ಅವನು ಗಡಿಬಿಡಿಯಲ್ಲಿ ಬಿಟ್ಟ. ಅರ್ಧ ನೀರು ಅವಳ ಸೀರೆಯ ಮೇಲೆ.

“ಭಾಳ ಫಾಸ್ಟ್ ಅದೀರಿ,” ಎಂದಳು ಹಲ್ಲು ಕಚ್ಚಿ.

ಎರಡನೆಯದನ್ನು ಚಾಚಿ ನಿಂತ. ಕೊಡದ ತಳದಲ್ಲಿ ಅವಳ ಬೆರಳುಗಳು ಅವನ ಬೆರಳುಗಳಿಗೆ ತಾಗಿದವು. ಅವಳು ‘ಹಿಡದೆ’ ಅನ್ನಲಿಲ್ಲ. ಅವನ ಮುಖವನ್ನೇ ನೋಡಿದಳು. ಇಸ್ತ್ರಿ ಅಂಗಿಯ ತೋಳಿನೊಳಗೆ ನೀರಿಳಿಯಿತು. ಅವನು ಬಿಡಲಿಲ್ಲ.

“ಬೋರ್ ಆಗೇದೇನು?”

“ಇಲ್ಲ.”

“ಕೈ ಸೋತಾವೇನು?”

“ಸೋತಾವ. ಆದ್ರ ಬಿಡಂಗಿಲ್ಲ. ಆ ಕಾರ್ಡ್ ಇವತ್ತ ಹಾಕ್ತೀನಿ. ನಗೂದು ತಗೀತೀನಿ. ಅವ್ವನ ಕಡಿಂದನ ‘ಹಿಡದೆ’ ಅನ್ನಿಸಿ ರೆಕಾರ್ಡ್ ಮಾಡೂಣು, ಆಕಿ ದನಿ ಕೇಳೂ ತನಕ ಬುಟ್ಟಿ ಬಿಡಬಾರ್ದು.” ಉಸಿರು ಎಳೆದುಕೊಂಡ. “ಗಂಗಾ, ನಾ ಮದಿವಿ ಮಾತಿಗೆ ಬಂದಿದ್ದೆ.”

“ಏನ್ರೇ, ಅಲ್ಲೇ ನಿದ್ದಿ ಮಾಡೀರೇನು? ನೀರು ಹೋಗ್ತಾವ!” ಮೇಲಿನಿಂದ ಸಕ್ರವ್ವ.

“ಹಿಡದೆ,” ಎಂದಳು ಶಿವಗಂಗಾ. ಕಣ್ಣಿನ ಸಿಟ್ಟು ಇನ್ನೂ ಆರಿರಲಿಲ್ಲ. ಕೊಡ ತೆಗೆದುಕೊಂಡು ಮೇಲೆ ತಿರುಗಿದವಳು ಹೇಳಿದಳು: “ಅವ್ವಗ ನೀನ ಹೇಳು. ಆಕಿ ‘ಹೂಂ’ ಅನ್ನೂ ತನಕ ತಡಿ.”

ಮೇಲಿನ ಮೆಟ್ಟಿಲಿನಿಂದ ಒಂದು ತಲೆ ಕೆಳಗೆ ಬಗ್ಗಿತು.

“ಎಲ್ಲಾ ಕೇಳ್ಸೇದ. ಹೂಂ ಅಂದೆ,” ಎಂದಳು ಸಕ್ರವ್ವ. “ಮುಂದಿನ ಕೊಡ ತಗೊಂಡ್ ಬಾ, ಅಳಿಯಾ.”